ಫ್ಲೆಕ್ಸಿಗೊಂದು ಮುಖ

"ಥತ್, ಇದೂ ಹುಳಾನೇ!"

ನಂದಕುಮಾರ್ ಸತ್ತ ಅಪ್ಪನ ಮೊಬೈಲನ್ನು ತಿಕ್ಕುತ್ತಲೇ ಇದ್ದ. ಎಕ್ಕದ ಎಲೆಯ ಮೇಲೆ ಬಣ್ಣದ ಮಿಡತೆ. ತುಂಬೆ ಹೂವಿನಲ್ಲಿ ನೀಲಿ ನೊಣ. ಉತ್ತರಾಣಿಗೆ ಅಂಟಿಕೊಂಡ ಕಡ್ಡಿಯಂಥ ಹುಳ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಲೇತು ತಿರುಗಿಸಿ ನಿವೃತ್ತನಾದ ರಾಮಕೃಷ್ಣಪ್ಪನ ಮೊಬೈಲಿನಲ್ಲಿ ಮನುಷ್ಯನ ಮುಖ ಒಂದೂ ಇರಲಿಲ್ಲ.

ಹೊರಗೆ ಮತ್ತಿಕೆರೆಯ ಗಲ್ಲಿಯಲ್ಲಿ ಚಟ್ಟ ಕಟ್ಟುತ್ತಿದ್ದರು. ತಮಟೆಯವರು ಬಂದಾಗಿತ್ತು. ಹೆಣ ಎತ್ತುವುದರೊಳಗೆ ಗಲ್ಲಿಯ ಬಾಯಲ್ಲಿ ಅಪ್ಪನ ಫೋಟೊದ ಶ್ರದ್ಧಾಂಜಲಿ ಫ್ಲೆಕ್ಸ್ ಏಳದಿದ್ದರೆ ದಿಕ್ಕಿಲ್ಲದವನನ್ನು ಸಾಗಿಸಿದರೆಂದು ಜನ ಆಡಿಕೊಳ್ಳುತ್ತಾರೆ.

"ವೋಟರ್ ಕಾರ್ಡಿಂದೇ ಹಾಕ್ಸೋ," ಎಂದ ಚಿಕ್ಕಪ್ಪ ಮುನಿನಾರಾಯಣಪ್ಪ.

"ಅದ್ರಲ್ಲಿ ಸ್ಟೇಷನ್ ಗೋಡೇಗ್ ಅಂಟ್ಸಿರೋ ಕಳ್ಳನ ಥರ ಕಾಣ್ತಾನೆ. ನೀವು ಸುಮ್ನಿರಿ."

"ಶಿಲ್ಪನ್ ಮದ್ವೆ ಆಲ್ಬಮ್ಮು?"

ನಂದ ಹಲ್ಲು ಕಡಿದ.

*

ಯಲಹಂಕದ ಛತ್ರ. ಫೋಟೊದವನು ಮನೆಯವರನ್ನೆಲ್ಲ ಕರೆದಾಗ ಹುಡುಗಿಯ ಅಪ್ಪನೇ ನಾಪತ್ತೆ. ತಂಗಿ ಶಿಲ್ಪಳ ಮದುವೆಯಲ್ಲಿ ಅಪ್ಪನನ್ನು ಹುಡುಕುವ ಕರ್ಮ ನಂದನದು. ಅಡುಗೆಮನೆಯ ಹಿಂದಿನ ಜಾಲಿ ಪೊದೆಯಲ್ಲಿ ಸಿಕ್ಕಿದ. ರೇಷ್ಮೆ ಪಂಚೆ ಎತ್ತಿ ಕಟ್ಟಿ ಕುಕ್ಕರುಗಾಲಲ್ಲಿ ಕೂತಿದ್ದ.

"ಮಾನ ಕಳೀಬೇಡ, ಎದ್ ಬಾರಪ್ಪ!"

"ಶ್! ಆ ಮುಳ್ಳು ನೋಡೋ."

"ಮುಳ್ಳಲ್ ಏನ್ ನೋಡೋದು?"

"ನೋಡು ಅಂದೆ."

ಮುಳ್ಳು ನಡೆಯಿತು. ಎರಡು ಕೊಂಬಿನ ಪುಟ್ಟ ಹುಳ! ನಂದನೂ ಅಲ್ಲೇ ಕೂತುಬಿಟ್ಟ. ಇಬ್ಬರೂ ಮಂಟಪಕ್ಕೆ ಮರಳುವಷ್ಟರಲ್ಲಿ ಫೋಟೊ ಮುಗಿದಿತ್ತು.

*

ಫ್ಲೆಕ್ಸ್ ಅಂಗಡಿಯ ಮನ್ಸೂರ್ ಮತ್ತೆ ಫೋನ್ ಮಾಡಿದ. "ಬೇಗ ಕಳ್ಸು ಮಗಾ, ಕರೆಂಟ್ ಹೋದ್ರೆ ನನ್ನ ಬೈಬೇಡ."

ಹೆಣದ ಪಕ್ಕ ಕೂತಿದ್ದ ಅಮ್ಮ ರಾಧಾಮಣಿ ಸೆರಗಿನಡಿಯಿಂದ ತನ್ನ ಮೊಬೈಲ್ ತೆಗೆದಳು. "ಒಂದೈತೆ. ಹೆಬ್ಬಾಳ ಕೆರೆ ತಾವ ತೆಗ್ದಿದ್ದು. ಬೈಯೋಕೆ ಸಾಕ್ಷಿ ಇರ್ಲಿ ಅಂತ."

ಆಳೆತ್ತರದ ಕಳೆಗಿಡ, ನಡುವೆ ಒಂದು ಎಲೆಯತ್ತ ಬಾಗಿದ ಬೆನ್ನು, ಕೆಸರು ಹತ್ತಿದ ಹಿಮ್ಮಡಿ. ಅಷ್ಟೇ.

ಚಿಕ್ಕಪ್ಪ ಇಣುಕಿದ. "ಲೋ, ಮುಖಾನೇ ಇಲ್ವಲ್ಲೋ! ಅಂಡು ತೋರ್ಸ್ಕೊಂಡ್ ನಿಂತವ್ನೆ. ನೆಂಟ್ರು ಉಗೀತಾರೆ!"

"ಉಗೀಲಿ. ಒರೆಸ್ಕೊತೀನಿ."

ನಂದ ಕಳಿಸಿಯೇಬಿಟ್ಟ.

ಫ್ಲೆಕ್ಸ್ ಎದ್ದಿತು. ಯಾರೋ ಕಿಸಕ್ಕನೆ ನಕ್ಕರು. ನಂದ ಮುಷ್ಟಿ ಬಿಗಿದು ಅತ್ತ ನುಗ್ಗಿದ. ಅಷ್ಟರಲ್ಲಿ ಹಾರ ಹಿಡಿದು ಬಂದ ಮುನಿಕೆಂಪಮ್ಮ, ಅಪ್ಪನ ಅಕ್ಕ, ಫ್ಲೆಕ್ಸಿನ ಮುಂದೆ ನಿಂತಳು. ತಮ್ಮನ ಮುಖ ಹುಡುಕಿದಳು, ಸಿಗಲಿಲ್ಲ. ಹಾರವನ್ನು ಹೆಗಲಿಗೇರಿಸಿ, ಮೊಣಕಾಲಿಗೆ ಕೈಯೂರಿ, ಅವನು ನೋಡುತ್ತಿದ್ದ ಎಲೆಯತ್ತ ಬಗ್ಗಿದಳು. ಹಿಂದಿದ್ದವರೂ ಒಬ್ಬೊಬ್ಬರಾಗಿ ಬಗ್ಗಿದರು. ತಮಟೆಯವರು ಬಾರಿಸುವುದು ಬಿಟ್ಟು ಕತ್ತು ಚಾಚಿದರು.