ಸಂಜೆಯ ಪಾದ

ಕೌಂಟರಿನ ಕಂಪ್ಯೂಟರ್ ಕಣ್ಣು ಮುಚ್ಚಿದ ದಿನವೇ ಅಣ್ಣ ತನ್ನ ಹೆಂಡತಿಯ ತಮ್ಮನನ್ನು ಕರೆಸಿದ. ಕೆಟ್ಟಿತು ಕೆಲಸ ಎಂದು ಅಳತೆಯಕ್ಕ ಆಗಲೇ ಅಂದುಕೊಂಡಳು.

ಅಳತೆಯಕ್ಕ ಅಣ್ಣನ ಒಡಹುಟ್ಟಿದ ತಂಗಿ. ಅಣ್ಣನ ಅಂಗಡಿಯಲ್ಲಿ ತಯಾರಾಗುವುದು ಅಂತಿಂಥ ಬೂಟುಗಳಲ್ಲ. ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದ, ಬೆರಳು ಕಳೆದುಕೊಂಡ ಪಾದ, ಒಂದಕ್ಕಿಂತ ಒಂದು ಗಿಡ್ಡವಾದ ಕಾಲು, ಇಂಥವಕ್ಕೆಲ್ಲ ಬೇರೆ ಬೇರೆಯಾಗಿ ಹೊಲಿದ ಬೂಟು. ಆ ಪಾದಗಳನ್ನೆಲ್ಲ ಇಪ್ಪತ್ತೆರಡು ವರ್ಷದಿಂದ ಮೊಣಕಾಲೂರಿ ಅಳೆದವಳು ಇವಳು. ಇವಳದೊಂದು ಕಟ್ಟುನಿಟ್ಟು: ಗಿರಾಕಿ ಬೆಳಗ್ಗೆ ಒಮ್ಮೆ, ಅದೇ ದಿನ ಸಂಜೆ ಇನ್ನೊಮ್ಮೆ ಬರಲೇಬೇಕು. ಓಡಾಡಿದ ಪಾದ ಸಂಜೆಗೆ ಊದಿಕೊಳ್ಳುತ್ತದೆ. ಬೂಟು ಹೊಲಿಯಬೇಕಾದದ್ದು ಸಂಜೆಯ ಪಾದಕ್ಕೆ. ಬೆಳಗಿನದನ್ನು ನೋಡಿ ಒಳಗಿನ ಮೆತ್ತೆಯ ದಪ್ಪ ನಿರ್ಧರಿಸಬೇಕು. "ಎರಡೆರಡು ಸಲ ಯಾಕ್ರೀ" ಎಂದು ಗೊಣಗಿದವರಿಗೆ, "ಹಾಗಾದ್ರೆ ಬೆಳಗ್ಗೆ ಮಾತ್ರ ನಡೀರಿ" ಎನ್ನುತ್ತಿದ್ದಳು.

ಕಂಪ್ಯೂಟರ್ ಹೋದಾಗ ಹನ್ನೊಂದು ದಿನದ ಅಳತೆಗಳು ಮಣ್ಣುಪಾಲಾದವು. ಉಳಿದದ್ದು ಅವಳು ಪೆನ್ ಡ್ರೈವಿನಲ್ಲಿ ಇಟ್ಟಿದ್ದ ನಕಲು. ಇನ್ನು ಹೀಗಾಗಬಾರದು, ಕ್ಲೌಡಿಗೆ ಹಾಕೋಣ ಎಂದು ಅಣ್ಣ ಹೇಳಿದ್ದು ಸರಿಯೇ. ಕೌಂಟರ್, ಅಳತೆ ಕೋಣೆ, ಚರ್ಮ ಕತ್ತರಿಸುವ ಕೋಣೆ, ಮೂರೂ ಕಡೆ ಒಂದೇ ಫೈಲು ತೆರೆಯಬಹುದು. ಯಾರಿಗೆ ಬೇಡ?

ಅಣ್ಣನ ಭಾವಮೈದ ಎಲ್ಲೆಲ್ಲಿಂದಲೋ ಓದಿಕೊಂಡು ಬಂದ. ಕೇಳಿದ್ದಕ್ಕೂ ಕೇಳದ್ದಕ್ಕೂ ಸಲಹೆ ಕೊಡುವ ಆಸಾಮಿ. ಬೆನ್ನ ಹಿಂದೆ ಎಲ್ಲರೂ ಅವನನ್ನು ಸಲಹೆಗಾರ ಎಂದೇ ಕರೆಯುತ್ತಿದ್ದರು. ಮೂರು ಕಂಪನಿಗಳ ಹೆಸರು ಬರೆದ ಹಾಳೆಯನ್ನು ಮೇಜಿನ ಮೇಲೆ ಹರಡಿದ.

"ಇದು ನೋಡಿ ಭಾವ, ಜಾಗ ಎಷ್ಟು ಬೇಕಾದ್ರೂ ಇದೆ. ಸ್ಪೀಡೂ ಇದೆ. ಕಣ್ಣು ಮುಚ್ಕೊಂಡು ತಗೊಳ್ಳಿ."

"ಯಾರಾದ್ರೂ ತಪ್ಪಾಗಿ ಏನೋ ಅಳಿಸಿದ್ರೆ, ಹಿಂದಿನ ತಿಂಗಳು ಹೇಗಿತ್ತೋ ಹಾಗೆ ವಾಪಸ್ ಸಿಗತ್ತಾ?" ಎಂದು ಅಳತೆಯಕ್ಕ ಕೇಳಿದಳು.

"ಇದ್ರಲ್ಲಿ ಒಂದು ವಾರ ಇಟ್ಟಿರ್ತಾರೆ. ಆ ಮೂರನೇದ್ರಲ್ಲಿ ವರ್ಷಗಟ್ಟಲೆ ಸಿಗತ್ತೆ, ಆದ್ರೆ ಅದು ಸ್ವಲ್ಪ ನಿಧಾನ. ಅಳಿಸೋರ್ಯಾರು ಹೇಳಿ?"

"ಮನುಷ್ಯರು."

ಸಲಹೆಗಾರ ನಕ್ಕ. ಅಣ್ಣನೂ ನಕ್ಕ. ಮೊದಲನೆಯದೇ ಗಟ್ಟಿಯಾಯಿತು.

ಅಳತೆಯಕ್ಕನ ಮೈ ಉರಿದದ್ದು ಮಾರನೆಯ ದಿನ. ಫೈಲು ತೆರೆದು ಹೊಸ ಅಳತೆ ಬರೆಯಹೋದರೆ ಅಕ್ಷರವೇ ಮೂಡಲೊಲ್ಲದು. ವಿಚಾರಿಸಿದರೆ ಸಲಹೆಗಾರ ಹಲ್ಲು ಕಿರಿದ. "ನಿಮಗೆ ನೋಡೋಕೆ ಮಾತ್ರ ಕೊಟ್ಟಿದೀನಿ. ತಿದ್ದೋದು ಭಾವ, ನಾನು. ನೀವು ಚೀಟೀಲಿ ಬರೆದು ಕೊಡಿ, ನಾನು ಟೈಪ್ ಮಾಡ್ತೀನಿ. ಎಲ್ಲಾದ್ರೂ ಕೈತಪ್ಪಿ ಹಾಳಾದ್ರೆ?"

ಅವಳು ಸೀದಾ ಅಣ್ಣನ ಮುಂದೆ ಹೋಗಿ ನಿಂತಳು. "ಆ ಫೈಲಲ್ಲಿರೋ ಒಂದೊಂದು ಅಂಕೀನೂ ನಾನು ಬರೆದದ್ದು. ಈಗ ನಾನು ಬಾಗಿಲ ಹೊರಗೆ ನಿಂತು ಇಣುಕಬೇಕಾ?"

"ಅಯ್ಯೋ, ಸ್ವಲ್ಪ ದಿನ ಸುಧಾರಿಸ್ಕೋ ಮಾರಾಯ್ತಿ. ಅವನು ತಿಳಿದೋನು."

"ಯಾವ ಪಾದ ತಿಳಿದೋನು?"

ಅಣ್ಣ ಫೋನು ಎತ್ತಿಕೊಂಡ. ಅವಳು ಚೀಟಿ ಬರೆದು ಕೊಡುತ್ತ ಹೋದಳು, ಆದರೆ ಒಂದು ದಿನವೂ ಸುಮ್ಮನೆ ಕೊಡಲಿಲ್ಲ. ದಿನಾ ಬೆಳಗ್ಗೆ ಅಣ್ಣನ ಮೇಜಿಗೆ ಹೋಗಿ "ನನ್ನ ಅಧಿಕಾರ ಯಾವಾಗ?" ಎಂದು ಕೇಳಿಯೇ ಕೆಲಸಕ್ಕೆ ಕೂರುತ್ತಿದ್ದಳು. ಹಟಮಾರಿ ಎಂದರು. ಅನ್ನಲಿ ಬಿಡಿ.

ಐದನೆಯ ವಾರ, ಚರ್ಮ ಕತ್ತರಿಸುವ ಹಿರಿಯ, ಅಂಗಡಿಯವರೆಲ್ಲ ಮಾವ ಎನ್ನುವವನು, ಹೊಸ ಜೋಡಿಯನ್ನು ಪೆಟ್ಟಿಗೆಗೆ ಹಾಕುವ ಮುಂಚೆ ಎಂದಿನಂತೆ ಅವಳ ಕೈಗಿತ್ತ. ಗಣಿತದ ಟೀಚರದ್ದು. ಸಕ್ಕರೆ ಕಾಯಿಲೆಗೆ ಒಂದು ಬೆರಳನ್ನು ಆಗಲೇ ಕೊಟ್ಟ ಹೆಂಗಸು. ಅಳತೆಯಕ್ಕ ಬೂಟಿನೊಳಗೆ ಕೈ ತೂರಿಸಿದಳು, ಕಿರುಬೆರಳಿನ ಕಡೆ ತಡವಿದಳು. ಅಲ್ಲಿ ಇರಬೇಕಾದಷ್ಟು ಜಾಗವಿರಲಿಲ್ಲ.

"ಮಾವ, ಇದು ಬೆಳಗಿನ ಪಾದ!"

"ಫೈಲಲ್ಲಿ ಇದ್ದದ್ದೇ ಒಂದು ಸಾಲು ಕಣಮ್ಮ. ಮೆತ್ತೆಗೆ ಬೇರೆ ಅಳತೆ ಬರೆದಿಲ್ಲ ಅಂದ್ಕೊಂಡೆ."

ಅವಳು ಪರದೆ ನೋಡಿದಳು. ಟೀಚರಿಗೆ ಒಂದೇ ಸಾಲು. ಮೇಲಿನವರಿಗೆ ಒಂದೇ ಸಾಲು. ಕೆಳಗಿನವರಿಗೂ ಒಂದೇ. ಎಳೆದಷ್ಟೂ ಒಂದೊಂದೇ.

"ಓ, ಅದಾ?" ಸಲಹೆಗಾರನ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. "ಹೋದ ತಿಂಗಳೇ ಕ್ಲೀನ್ ಮಾಡ್ದೆ. ಅದೇ ಹೆಸರು, ಅದೇ ತಾರೀಕು, ಎಲ್ಲ ಎರಡೆರಡು ಸಲ! ಅಂಕಿ ಬೇರೆ ತಪ್ಪುತಪ್ಪು. ಮುನ್ನೂರ ಹದಿನೆಂಟು ಸಾಲು ತೆಗೆದು ಹಾಕಿದೀನಿ. ಆಮೇಲಿನ ನಿಮ್ಮ ಚೀಟಿಗಳಿಂದ್ಲೂ ಒಂದೊಂದೇ ಸಾಲು ಹಾಕಿ, ಚೀಟಿ ಎಸೆದೆ."

ಮೇಲಿನ ಸಾಲು ಬೆಳಗಿನದು, ಕೆಳಗಿನದು ಸಂಜೆಯದು. ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು ಎಂಬ ಧೈರ್ಯದಲ್ಲಿ ಅದನ್ನು ಅವಳು ಎಲ್ಲಿಯೂ ಬರೆದಿರಲಿಲ್ಲ. ಆ ತಪ್ಪು ತನ್ನದೇ ಎಂದು ಅವಳಿಗೆ ಆ ಗಳಿಗೆಯಲ್ಲೇ ಹೊಳೆಯಿತು. ಕೌಂಟರಿನಲ್ಲಿ ಅಳಿಸಿದ್ದು ಮೂರೂ ಕಂಪ್ಯೂಟರಿನಲ್ಲಿ ತಾನಾಗಿಯೇ ಅಳಿಸಿಹೋಗಿತ್ತು. ಕಂಪನಿಯ ಒಂದು ವಾರದ ಗಡುವು ಯಾವಾಗಲೋ ಮುಗಿದಿತ್ತು. ಪೆನ್ ಡ್ರೈವ್? ಎಲ್ಲ ಕ್ಲೌಡಿನಲ್ಲಿದೆಯಲ್ಲ ಎಂದು ಅದನ್ನೂ ಅಳಿಸಿ, ಪುಣ್ಯಾತ್ಮ ಸಲಹೆಗಾರ ತನ್ನ ಮಗಳ ಮದುವೆಯ ಫೋಟೋ ತುಂಬಿಸಿಕೊಂಡಿದ್ದ.

ಅಣ್ಣನ ಮುಖ ಹುಳ್ಳಗಾಯಿತು. ಆದರೂ ಯಜಮಾನಿಕೆ ಬಿಡಬೇಕಲ್ಲ. "ಇರಲಿ, ಗಾಬರಿ ಬೇಡ. ಎಲ್ಲರ ಅಳತೆಗೂ ನಾಲ್ಕು ಮಿಲಿಮೀಟರ್ ಸೇರಿಸಿಬಿಡು. ಯಾರಿಗೂ ಗೊತ್ತಾಗಲ್ಲ."

"ಟೀಚರಿಗೆ ನಾಲ್ಕು ಊದತ್ತೆ. ಬಸ್ ಡ್ರೈವರಿಗೆ ಒಂಬತ್ತು. ಇನ್ನು ಕೆಲವರಿಗೆ ಒಂದೂ ಇಲ್ಲ. ಮರಗಟ್ಟಿದ ಕಾಲಿಗೆ ಬೂಟು ಕಚ್ಚಿದ್ದೂ ತಿಳಿಯಲ್ಲ ಅಣ್ಣ. ತಿಳಿಯೋ ಹೊತ್ತಿಗೆ ಇನ್ನೊಂದು ಬೆರಳು ಹೋಗಿರತ್ತೆ. ಯಾರಿಗೂ ಗೊತ್ತಾಗಲ್ಲ ಅಂತೀಯಲ್ಲ, ನಾಚಿಕೆ ಆಗಲ್ವಾ?"

"ಧ್ವನಿ ತಗ್ಗಿಸು. ಅಂಗಡಿ ನಂದು."

"ಅಂಗಡಿ ನಿಂದೇ ಇರಲಿ. ನಾನು ಅಳೆಯದ ಬೂಟು ಒಂದೂ ಈ ಬಾಗಿಲು ದಾಟಲ್ಲ. ದಾಟಿಸು ನೋಡೋಣ."

ಮಾವ ಸದ್ದಿಲ್ಲದೆ ಕತ್ತರಿ ಕೆಳಗಿಟ್ಟು ಅವಳ ಪಕ್ಕಕ್ಕೆ ಬಂದು ನಿಂತ. ಸಲಹೆಗಾರನಿಗೆ ಇದ್ದಕ್ಕಿದ್ದಂತೆ ಎಲ್ಲಿಗೋ ಹೋಗುವ ಕೆಲಸ ನೆನಪಾಯಿತು.

ಅವಳು ಯಾರನ್ನೂ ಕೇಳಲಿಲ್ಲ. ಆ ಮಧ್ಯಾಹ್ನವೇ ಮೂರನೆಯ ಕಂಪನಿಯಲ್ಲಿ, ಆ ನಿಧಾನದ್ದರಲ್ಲಿ, ತನ್ನ ಹೆಸರಲ್ಲಿ ಖಾತೆ ತೆರೆದಳು. ಉಳಿದ ಸಾಲುಗಳನ್ನು ಅಲ್ಲಿಗೆ ಇಳಿಸಿ ಪ್ರತಿಯೊಂದಕ್ಕೂ 'ಬೆಳಗ್ಗೆ' ಎಂದು ಬರೆದಳು, ಅದರ ಕೆಳಗೆ 'ಸಂಜೆ' ಎಂದು ಬರೆದು ಖಾಲಿ ಸಾಲು ಬಿಟ್ಟಳು. ವಾರಕ್ಕೊಂದು ನಕಲನ್ನು ಬೇರೆ ಡಿಸ್ಕಿಗೆ ಇಳಿಸಿ ಬೀರುವಿನಲ್ಲಿಟ್ಟು ಬೀಗ ಹಾಕುವುದೆಂದು ಗೊತ್ತುಮಾಡಿದಳು. ಆಮೇಲೆ ಗಿರಾಕಿಗಳಿಗೆ ಫೋನು ಹಚ್ಚಿದಳು, ಒಬ್ಬೊಬ್ಬರಿಗೇ.

"ಕಂಪ್ಯೂಟರ್ ಕೆಡ್ತು ಅಂತಾದ್ರೂ ಹೇಳೇ. ಮಾನ ಉಳಿಯತ್ತೆ" ಎಂದು ಅಣ್ಣ ಪಿಸುಗುಟ್ಟಿದ.

"ಕಂಪ್ಯೂಟರ್ ನಾವು ಹೇಳಿದ್ದನ್ನೇ ಮಾಡಿದೆ. ಪಾಪ, ಅದರ ಮೇಲ್ಯಾಕೆ ಹಾಕೋದು?"

ಸಂಜೆ ಐದೂವರೆಗೆ ಮೊದಲು ಬಂದವರು ಗಣಿತದ ಟೀಚರು, ಶಾಲೆಯಿಂದ ನೇರವಾಗಿ. ಅಳತೆಯಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಸಂಜೆಯ ಅಳತೆ ಅಳಿಸಿಹೋಯಿತು, ತಪ್ಪು ನಮ್ಮದು, ತಪ್ಪಾದ ಬೂಟು ನಿಮ್ಮ ಕಾಲಿಗೆ ಬರುವುದರಲ್ಲಿತ್ತು. "ನನಗೆ ಉಳಿದಿರೋದು ಒಂಬತ್ತೇ ಬೆರಳು" ಎಂದಷ್ಟೇ ಹೇಳಿ ಟೀಚರು ಕುರ್ಚಿಯಲ್ಲಿ ಕೂತು ಬೂಟು ಬಿಚ್ಚಿದರು. ಬಾಗಿಲಲ್ಲಿ ನಿಂತಿದ್ದ ಅಣ್ಣನ ಕಿವಿಗೂ ಅದು ಬಿತ್ತು.

ಅವನು ಒಳಗೆ ಬಂದ.

"ಆ ಹೊಸ ಫೈಲಲ್ಲಿ... ನನಗೂ ಬರೆಯೋ ಅಧಿಕಾರ ಬೇಕು ಕಣೆ. ಅಂಗಡಿ ನಡೆಸಬೇಕಲ್ಲ."

ಅಳತೆಯಕ್ಕ ಕೊರಳಿನ ಟೇಪನ್ನು ತೆಗೆದು ಅವನತ್ತ ಚಾಚಿದಳು. "ಅಳೆದು ತೋರ್ಸು. ಆಮೇಲೆ ಬರೆಯುವಿಯಂತೆ."

ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆ ಕೋಣೆಯ ನೆಲ ಮುಟ್ಟದ ಅಣ್ಣ ಟೀಚರ ಮುಖ ನೋಡಿದ, ತಂಗಿಯ ಮುಖ ನೋಡಿದ. ಇಬ್ಬರೂ ಕದಲಲಿಲ್ಲ. ಕುರ್ಚಿಯ ಕಾಲು ಹಿಡಿದು, ಉಸ್ಸೆನ್ನುತ್ತ, ಮೊಣಕಾಲೂರಿದ. ಊದಿದ ಆ ಪಾದಕ್ಕೆ ಟೇಪು ಸುತ್ತಿ ಎಳೆದ.

"ಇನ್ನೂರ ನಲವತ್ತೊಂದು" ಅಂದ.

ಅವಳು ಬಗ್ಗಿ ನೋಡಿದಳು.

"ತಪ್ಪು. ಬಿಗಿಯಾಗಿ ಎಳೆದಿದೀಯ. ಇನ್ನೊಂದ್ಸಲ ಹಿಡಿ."