ಎರಡು ತೂತು ಕೆಳಗೆ

"ಇನ್ನೊಂಚೂರು ಬಗ್ಸೋ ಬೆನಕಪ್ಪ," ಎಂದು ಭುಜ ಹಿಡಿದಿದ್ದವನಿಗೆ ಹೇಳುತ್ತ ರುದ್ರಮೂರ್ತಿ ಸತ್ತ ಅಣ್ಣನ ತಲೆಯನ್ನು ಹೆಣ ಹೊರುವ ವಿಮಾನದ ಮೇಲಿನ ಕಬ್ಬಿಣದ ಪಟ್ಟಿಯ ಕೆಳಕ್ಕೆ ಅದುಮಿದ.

ಅಶ್ವಿನಿ ಅವನ ಕೈ ಹಿಡಿದಳು. "ಚಿಕ್ಕಪ್ಪ, ಅಪ್ಪನ ತಲೆ ಬಿಡಿ."

ಸತ್ತವರನ್ನು ಕೂರಿಸಿ ಹೊತ್ತು, ಕೂತಂತೆಯೇ ಮಣ್ಣು ಮಾಡುವ ಜನ ಅವರು. ಪ್ರತಿ ಸಾವಿಗೂ ಬಿದಿರು ಕಡಿದು ವಿಮಾನ ಕಟ್ಟುವ ರಗಳೆ ಬೇಡವೆಂದು ಅಜ್ಜಂಪುರದ ಹಿರಿಯರು ಕಬ್ಬಿಣದ್ದೊಂದನ್ನು ಮಾಡಿಸಿಟ್ಟಿದ್ದರು. ಕೂರುವ ಹಲಗೆಗೂ ಬೆನ್ನಿನ ಒರಗಿಗೂ ಬೋಲ್ಟುಗಳಿದ್ದವು. ಹೋದ ವಾರ ಅದರಲ್ಲಿ ಹೋದವಳು ಮೊಳದುದ್ದದ ಮುದುಕಿ. ಅವಳ ಅಳತೆಗೆ ಹಲಗೆ ಎತ್ತರಿಸಿ ಬಿಗಿದದ್ದನ್ನು ಆಮೇಲೆ ಯಾರೂ ಮುಟ್ಟಿರಲಿಲ್ಲ. ಆರಡಿಯ ತೀರ್ಥಪ್ಪ ಅದರೊಳಗೆ ಕದ್ದು ಸಿಕ್ಕಿಬಿದ್ದವನ ಹಾಗೆ ಬಾಗಿ ಕೂತಿದ್ದ. ಅಂಗೈಯಲ್ಲಿಟ್ಟ ಲಿಂಗ ಎರಡು ಸಲ ಮಡಿಲಿಗೆ ಜಾರಿತ್ತು.

"ಸತ್ತೋರಿಗೆ ಕತ್ತು ನೋಯುತ್ತೇನಮ್ಮ?" ಎಂದ ರುದ್ರಮೂರ್ತಿ. "ಗುಣಿ ತೋಡಾಗಿದೆ, ಜನ ಕಾಯ್ತಾವ್ರೆ. ಹೊಂದ್ಕೊಂಡು ಹೋಗ್ಲಿ ಬಿಡು."

ಅಶ್ವಿನಿಗೆ ಮೈಯೆಲ್ಲ ಉರಿಯಿತು. ಇದೇ ಬಾಯಿಂದ ಇದೇ ಮಾತನ್ನು ಅವಳು ಹಿಂದೆಯೂ ಕೇಳಿದ್ದಳು.

*

ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಹುಡುಗಿಯರಿಗೆಲ್ಲ ಸೈಕಲ್ಲು ಬಂದವು. ತಂದಿಳಿಸಿದವರು ಸೀಟುಗಳನ್ನೆಲ್ಲ ಒಂದೇ ಎತ್ತರಕ್ಕೆ ಬಿಗಿದು ಹೋಗಿದ್ದರು. ಕುಳ್ಳಿ ಭುವನಾ ಮೊದಲ ದಿನವೇ ಬಿದ್ದು ಮೊಣಕಾಲು ಕಿತ್ತುಕೊಂಡಳು.

ಮಾರನೆಯ ಬೆಳಿಗ್ಗೆ ತೀರ್ಥಪ್ಪ ತನ್ನ ಸೈಕಲ್ ಶಾಪಿಗೆ ಬೀಗ ಹಾಕಿ, ಸ್ಪ್ಯಾನರ್ ಹಿಡಿದು ಶಾಲೆಯ ಗೇಟಿನಲ್ಲಿ ನಿಂತ. ಒಬ್ಬೊಬ್ಬಳನ್ನೂ ಹತ್ತಿಸಿ, ಪೆಡಲಿನ ಮೇಲೆ ಹಿಮ್ಮಡಿ ಊರಿಸಿ, ಕಾಲು ನೆಟ್ಟಗೆ ನಿಲ್ಲುವ ಹಾಗೆ ಸೀಟು ಏರಿಸಿಯೋ ಇಳಿಸಿಯೋ ಬಿಗಿದ. ಕೈ ಎಟುಕದವರಿಗೆ ಸೀಟನ್ನು ಮುಂದೆ ಸರಿಸಿ ಹ್ಯಾಂಡಲ್ ಎತ್ತರಿಸಿದ. ಕೊನೆಗೆ ಮೊಣಕೈ ಕೆಳಗೆ ಎರಡು ಬೆರಳಿಟ್ಟು ನೋಡುತ್ತಿದ್ದ. "ಇಲ್ಲಿ ಚೂರು ಬಾಗಿರ್ಬೇಕು ಕಣವ್ವ. ಸೆಟೆದ್ರೆ ಭುಜ ನೋಯುತ್ತೆ."

ರುದ್ರಮೂರ್ತಿ ಅಲ್ಲಿಗೂ ಬಂದಿದ್ದ. "ಅಂಗಡಿ ಮುಚ್ಚಿ ಇದೇನಣ್ಣ ನಿಂದು? ಹುಡುಗೀರು ಹೊಂದ್ಕೊಂಡು ಹೋಗ್ತಾರೆ ಬಿಡು."

ತೀರ್ಥಪ್ಪ ತಲೆ ಎತ್ತಲಿಲ್ಲ. "ಸೈಕಲ್ಲು ಹೊಂದ್ಕೋಬೇಕು ಕಣೋ. ಇವ್ರ್ಯಾಕೆ ಹೊಂದ್ಕೋಬೇಕು?"

*

ಅಶ್ವಿನಿ ಮನೆಯ ಮುಂದಿನ ಶಾಪಿಗೆ ಹೋಗಿ ಆ ಸ್ಪ್ಯಾನರ್ ತಂದಳು. "ಅಪ್ಪನ್ನ ಇಳ್ಸಿ."

"ಕೂರಿಸಿದ್ಮೇಲೆ ಇಳಿಸ್ಬಾರ್ದು ಕಣಮ್ಮ. ಹೆಣ್ಮಕ್ಳು ಇದಕ್ಕೆ ಕೈ ಹಾಕೋದೂ ಇಲ್ಲ," ಎಂದ ರುದ್ರಮೂರ್ತಿ.

"ಊರೋರೆಲ್ಲ ನೆಟ್ಗೆ ಕೂರ್ಲಿ ಅಂತ ಬಗ್ಗಿ ಬಗ್ಗಿ ಅಪ್ಪ ಸೊಂಟ ಕಳ್ಕೊಂಡ. ಇವತ್ತೊಂದಿನ ಅವನನ್ನ ನೆಟ್ಗೆ ಕೂರ್ಸೋಕೆ ನಿಮಗೆ ಪುರುಸೊತ್ತಿಲ್ವಾ?"

ತರೀಕೆರೆಯಿಂದ ಬಂದಿದ್ದ ಭುವನಾ ಸೆರಗು ಸಿಕ್ಕಿಸಿ ಮುಂದೆ ಬಂದಳು. "ಭುಜ ನಾನು ಹಿಡ್ಕೋತೀನಿ ಕಣೇ."

ಕ್ರಿಯೆ ಮಾಡಿಸಲು ಬಂದಿದ್ದ ಅಯ್ನೋರು ರುದ್ರಮೂರ್ತಿಯ ಕಡೆ ನೋಡಿದರು. "ಇಳ್ಸಪ್ಪ. ಕೂರಿಸೋದೇ ನೆಟ್ಗೆ ಕೂರ್ಲಿ ಅಂತ."

ಅಶ್ವಿನಿ ಬೋಲ್ಟು ಸಡಿಲಿಸಿ ಹಲಗೆಯನ್ನು ಎರಡು ತೂತು ಕೆಳಗಿಳಿಸಿದಳು. ಒರಗನ್ನು ನಾಲ್ಕು ಬೆರಳು ಹಿಂದೆ ಸರಿಸಿ ಬಿಗಿದಳು. ಮತ್ತೆ ಕೂರಿಸಿದಾಗ ತೀರ್ಥಪ್ಪನ ತಲೆಯ ಮೇಲೆ ಗೇಣು ಜಾಗ ಉಳಿಯಿತು. ಅಯ್ನೋರು ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಅದು ನಿಂತಿತು.

ಅವಳು ಅಪ್ಪನ ಮೊಣಕೈ ಕೆಳಗೆ ಎರಡು ಬೆರಳಿಟ್ಟು ನೋಡಿದಳು. ಚೂರು ಬಾಗಿತ್ತು. ಬೆರಳಿನ ಗ್ರೀಸು ವಿಭೂತಿ ಬಳಿದ ತೋಳಿಗೆ ಕಪ್ಪಗೆ ಅಂಟಿತು. ಒರೆಸಲು ಬಂದ ರುದ್ರಮೂರ್ತಿಯ ಕೈಯನ್ನು ಅವಳು ತಡೆದಳು.