ತಿಂಡಿ ಹೊತ್ತಿನ ಮಾತು

ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವಿಬ್ಬರೇ: ಗಿರಾಕಿಗಳ ಅಳತೆಗೆ ಪ್ಯಾಂಟು, ಅಂಗಿ ಸರಿಮಾಡುವ ನಾನು, ಅವನ್ನು ಇಸ್ತ್ರಿ ಮಾಡುವ ಅವಳು. ಬೆಳಿಗ್ಗೆ ಬಂದಾಗಿನಿಂದ ಅವಳದು ಒಂದೇ ಕೆಲಸ, ಮೊಬೈಲು ಎತ್ತಿ ನೋಡುವುದು, ಕವುಚಿ ಇಡುವುದು. ಒಂದೇ ಕಾಲರನ್ನು ನಾಲ್ಕನೇ ಸಲ ತಿಕ್ಕುತ್ತಿದ್ದಳು.

"ಸುಟ್ಟೀತು ಕಣೇ," ಅಂದೆ.

"ನನ್ನ ಶೇರೇ ಸುಟ್ಟು ಹೋಗ್ತಿದೆ, ಕಾಲರ್ ಯಾವ ಲೆಕ್ಕ? ನಿನ್ನ ಮಾತು ಕೇಳಿ ಮಗಳ ಕಾಲೇಜಿನ ದುಡ್ಡು ಹಾಕಿದ್ನಲ್ಲಕ್ಕ, ಮೂರರಲ್ಲಿ ಒಂದು ಪಾಲು ಹೋಯ್ತು. ಶುಕ್ರವಾರ ಫೀಸು ಕಟ್ಟಬೇಕು. ಮಾರಲಾ, ಇಟ್ಕೊಳ್ಳಲಾ?"

ನನ್ನ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಆದರೂ ಮಾತು ತಾನಾಗಿ ಹೊರಟಿತು. "ಬಿದ್ದಾಗ ಹೆದರಬಾರದು. ತಾಳ್ಮೆ ಇದ್ದವರಿಗೇ ದುಡ್ಡು."

ದಿನಾ ತಿಂಡಿ ತಿನ್ನುವಾಗ ನನ್ನ ಗಂಡ ಹೇಳುವ ಮಾತದು. ಅವರಿಗೆ ಮೊಬೈಲಿನಲ್ಲಿ ಯಾರೋ ಹೇಳಿರುತ್ತಾರೆ. ಅದನ್ನೇ ತಂದು ಇಲ್ಲಿ ಹೇಳಿದರೆ ಇವಳು ಇಸ್ತ್ರಿ ನಿಲ್ಲಿಸಿ ಕೇಳುತ್ತಿದ್ದಳು. ಮನೆಯಲ್ಲಿ ನನ್ನ ಮಾತಿಗೆ ಯಾರೂ ಹಾಗೆ ಕೈಕೆಲಸ ಬಿಟ್ಟಿದ್ದಿಲ್ಲ. ಆ ಸುಖಕ್ಕೆ ಆರು ತಿಂಗಳು ಹೇಳಿದ್ದೆ.

"ನೀನು ಹೇಗಕ್ಕ ಇಷ್ಟು ತಣ್ಣಗಿದ್ದೀಯ? ನಿಂದೆಷ್ಟು ಹೋಯ್ತು?"

ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟೆ. "ನಂದು ಇಲ್ಲ."

"ಮಾರಿಬಿಟ್ಟೆಯಾ? ನನಗೊಂದು ಮಾತು ಹೇಳದೆ?"

"ಕೊಂಡೇ ಇಲ್ಲ ಕಣೇ. ನಮ್ಮನೆಯವರೂ ಕೊಂಡಿಲ್ಲ. ನಮ್ಮದೆಲ್ಲ ಬ್ಯಾಂಕಿನ ಡಿಪಾಸಿಟ್ಟು."

ಇಸ್ತ್ರಿಪೆಟ್ಟಿಗೆ ಬುಸ್ಸೆಂದಿತು. ಅವಳು ಅದನ್ನು ಎತ್ತಿ ನಿಲ್ಲಿಸಿದಳು.

"ಗಿರಾಕಿ ತೊಟ್ಟು ತೋರಿಸೋ ತನಕ ಒಂದು ಪ್ಯಾಂಟಿಗೂ ಕತ್ತರಿ ಹಾಕೋಳಲ್ಲ ನೀನು. ನನಗೆ ಮಾತ್ರ ನೋಡದೇ ಹಾಕಿದೆಯಲ್ಲ! ಈಗಾದರೂ ನಿಜ ಹೇಳು. ಮಾರಲಾ?"

"ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ."

ಅವಳು ಮೊಬೈಲು ಎತ್ತಿಕೊಂಡಳು. "ಸುಟ್ಟ ಮನೇಲಿ ಹಿರಿದ ಗಳವೇ ಲಾಭ," ಅಂತ ಮಾರುವ ಗುಂಡಿ ಒತ್ತಿಬಿಟ್ಟಳು.

"ಫೀಸಿಗೆ ಕಮ್ಮಿ ಬೀಳೋದನ್ನ ನಾನು ಕೊಡ್ತೀನಿ," ಅಂದೆ.

"ನಿಮ್ಮನೆಯವರನ್ನ ಕೇಳಬೇಡ್ವಾ?"

ಒಂದು ಡಿಪಾಸಿಟ್ಟು ನನ್ನ ಹೆಸರಿನಲ್ಲೇ ಇತ್ತು. ಆದರೆ ಅವರನ್ನು ಕೇಳದೆ ಮುಟ್ಟಿದ್ದಿಲ್ಲ. ಚಪ್ಪಲಿ ಮೆಟ್ಟಿ ಬ್ಯಾಂಕಿನ ಕಡೆ ಹೊರಟೆ. ಸಂಜೆ ಅವರಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಹುಡುಕಿದೆ. ಬಾಯಿಗೆ ಬಂದ ಒಂದೊಂದು ಮಾತೂ ಅವರದೇ.